ಕಾಲರಿನ ಒಳಗಿನ ಲಾಂಛನ

ನವೆಂಬರ್ ೪, ಮಂಗಳವಾರ, ಬೆಳಿಗ್ಗೆ ೭.೪೦ಕ್ಕೆ ಕಿರ್ಕ್‌ವಾರಿ ಪೊಲೀಸ್ ಠಾಣೆಗೆ ಫೋನು ಬಂತು. ಮಾತಾಡಿದವರು ಊರ ಚರ್ಚಿನ ಹಿರಿಯರ ಮಂಡಳಿಯ ಕಾರ್ಯದರ್ಶಿ, ನಿವೃತ್ತ ಶಿಕ್ಷಕಿ ಜೆಸ್ಸಿ ಮೊಫಟ್. ದೂರು ಎರಡಿದ್ದವು. ಗಂಟೆ ಹೊಡೆದು ಬೀಗ ಹಾಕುವ ಕೆಲಸದ ಮುದುಕ ಡಾಡ್ ಪೀಟ್ರಿ ಚರ್ಚಿನ ಹಿಂಗೋಣೆಯಲ್ಲಿ ತಲೆಯೊಡೆದು ಬಿದ್ದಿದ್ದಾನೆ, ಉಸಿರಿದೆ, ಎಚ್ಚರವಿಲ್ಲ. ಇನ್ನೊಂದು, ಪೆಟ್ಟಿಗೆಯಲ್ಲಿದ್ದ ಹಳೆಯ ನಡಾವಳಿ ಪುಸ್ತಕ ಕಾಣೆಯಾಗಿದೆ. ಎರಡನ್ನೂ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿ ಮುಗಿಸಿದ ಮೇಲೆ ಜೆಸ್ಸಿ ಅತ್ತರು.

ಸ್ಕಾಟ್‌ಲೆಂಡಿನ ಆಂಗಸ್ ಸೀಮೆಯ ಆ ಸಣ್ಣ ಊರಿನಲ್ಲೇ ಹುಟ್ಟಿ ಬೆಳೆದ ಇನ್‌ಸ್ಪೆಕ್ಟರ್ ಮೊರಾಗ್ ಟುಲಕ್‌ಗೆ ಡಾಡ್ ಬರೀ ಗಾಯಾಳು ಅಲ್ಲ. ಪ್ರವಚನ ಉದ್ದವಾದಾಗ ಬೆಂಚುಗಳ ನಡುವೆ ಸುಳಿದು ಮಕ್ಕಳ ಕೈಗೆ ಪೆಪ್ಪರ್‌ಮಿಂಟು ತುರುಕುತ್ತಿದ್ದವನು ಅವನು. ಇಡೀ ಚಳಿ ರಾತ್ರಿ ಕಲ್ಲುನೆಲದ ಮೇಲೆ ಒಬ್ಬನೇ ಬಿದ್ದಿದ್ದನೆಂದು ಕೇಳಿ ಆಕೆ ಮೊದಲು ಆಸ್ಪತ್ರೆಗೇ ಫೋನು ಮಾಡಿದಳು. ಡಂಡೀ ಆಸ್ಪತ್ರೆಯ ವೈದ್ಯರು ನಲವತ್ತೆಂಟು ಗಂಟೆ ಏನೂ ಹೇಳಲಾಗದು ಎಂದರು.

ಮಹಜರು ೮.೩೦ಕ್ಕೆ ಶುರುವಾಗಿ ೧೦.೧೦ಕ್ಕೆ ಮುಗಿಯಿತು. ಬಾಗಿಲು ಒಡೆದಿಲ್ಲ. ಪೆಟ್ಟಿಗೆಯ ಬೀಗ ಸರಿಯಾಗಿದೆ. ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲಿ ಎಂದಿನಂತೆ ತೂಗುತ್ತಿದೆ. ಕಲ್ಲುಮೆಟ್ಟಿಲ ಅಂಚಿನಲ್ಲಿ ರಕ್ತ. ಕದ್ದಾದ ಮೇಲೆ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಅದರ ಜಾಗಕ್ಕೇ ತೂಗುಹಾಕುವ ಕಳ್ಳನನ್ನು ಕಾನ್‌ಸ್ಟೇಬಲ್ ವಾಟಿ ಗೆಡಿಸ್ ಒಂಬತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಚರ್ಚಿನ ಒಳಗಿನವನೇ ಇರ್ಬೇಕು ಮೇಡಂ," ಎಂದ ಗೆಡಿಸ್. ಆಮೇಲೆ ತನ್ನ ದೊಡ್ಡ ದೇಹವನ್ನು ಮಡಚಿ ಬೆಂಚಿನ ಕೆಳಗೆ ಕೈ ಹಾಕಿ, ಕೈಗವಸಿನ ಅಂಗೈಯಲ್ಲಿ ಏನನ್ನೋ ಹಿಡಿದು ತೋರಿಸಿದ. ಹೆಬ್ಬೆರಳಿನ ಅರ್ಧದಷ್ಟು ಬೆಳ್ಳಿಯ ಪಿನ್ನು. ಕಾಡುಹಂದಿಯ ತಲೆ, ಅದರ ಹಿಂದೆ ಒಂದೇ ಒಂದು ಗರಿ. ಸೂಜಿ ಬಾಗಿತ್ತು, ಅದಕ್ಕೆ ಕಂದು ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು. ಸಾಕ್ಷ್ಯ ಸಂಖ್ಯೆ ಏಳು ಎಂದು ಬರೆದು ಚೀಲಕ್ಕೆ ಹಾಕಿದರು.

ಕಾಡುಹಂದಿ ಲೋರಿಮರ್ ಮನೆತನದ ಗುರುತು. ಇದು ಊರಿನ ಎಲ್ಲರಿಗೂ ಗೊತ್ತು, ಯಾಕೆಂದರೆ ಊರಿನ ಹೆಂಡದಂಗಡಿಯ ಹಲಗೆಯ ಮೇಲೂ ಅದೇ ಹಂದಿ ಇದೆ.

ಮೊರಾಗ್ ಮೊದಲ ಬೆಂಚಿನಲ್ಲಿ ಕೂತಿದ್ದ ಜೆಸ್ಸಿಯ ಪಕ್ಕ ಕುಳಿತಳು. ಐದನೇ ತರಗತಿಯಲ್ಲಿ ಈಕೆಯ ಕೈಯಲ್ಲಿ ಪೆಟ್ಟು ತಿಂದವಳು ಅವಳು; ಇಂದಿಗೂ 'ಮಿಸ್' ಎನ್ನದೆ ಬೇರೆ ಮಾತು ಬಾಯಿಗೆ ಬರದು.

"ಪುಸ್ತಕ ಯಾವ ಕಾಲದ್ದು, ಮಿಸ್?"

"ಸಾವಿರದ ಎಂಟ್ನೂರ ಹತ್ತೊಂಬತ್ತರಿಂದ ಮೂವತ್ನಾಲ್ಕರವರೆಗಿಂದು. ವೇದಿಕೆ ರಿಪೇರಿ ಮಾಡುವಾಗ ಹಲಗೆ ಹಿಂದೆ ಸಿಕ್ತಲ್ಲ, ಅದು. ಬೇರೆ ಪ್ರತಿ ಎಲ್ಲೂ ಇಲ್ಲ. ನಾಳೆ ಅದನ್ನ ತಗೊಂಡು ಎಡಿನ್‌ಬರೋಗೆ ಹೊರಡೋಳಿದ್ದೆ."

"ಎಡಿನ್‌ಬರೋಗೆ ಯಾಕೆ?"

"ಶುಕ್ರವಾರ ಹನ್ನೊಂದು ಗಂಟೆಗೆ ಲಾಂಛನ ಕಚೇರಿಲಿ ಲೋರಿಮರ್ ವಿಚಾರಣೆ ಅಲ್ವಾ. ಪುಸ್ತಕದಲ್ಲಿ ಅವರ ವಿಷಯ ಇದೆ. ಹೋದ ಬುಧವಾರ ಮಂಡಳಿ ಸಭೇಲಿ ಓದಿ ಹೇಳ್ದೆ. ಸಾವಿರದ ಎಂಟ್ನೂರ ಇಪ್ಪತ್ತಾರನೇ ಇಸವಿ ಅಕ್ಟೋಬರ್. ಬಾಲ್‌ವಾರಿ ದೊಡ್ಮನೆ ಮಗ ಪ್ಯಾಟ್ರಿಕ್ ಲೋರಿಮರ್, ಹಾಲು ಕರೆಯೋ ಹುಡುಗಿ ಕರ್ಸ್ಟಿ ಡೋಯ್ಗ್, ಮದ್ವೆ ಇಲ್ದೆ ಮಗು ಹೆತ್ತಿದ್ದಕ್ಕೆ ಮೂರು ಭಾನುವಾರ ಇಡೀ ಚರ್ಚಿನೆದುರು ತಪ್ಪೊಪ್ಪಿಗೆ ಸ್ಟೂಲಿನ ಮೇಲೆ ನಿಂತ್ರು ಅಂತ. ಎಲ್ಲಾ ಗೊಳ್ಳಂತ ನಕ್ಕುಬಿಟ್ರು. ಅವರ ವಂಶದೋನೇ ಅಲ್ವಾ ಐನೀಸ್, ಟೋಪಿ ತಗೊಂಡು ಎದ್ದುಹೋದ. ಅದರ ಪಕ್ಕದಲ್ಲೇ ಇನ್ನೂ..."

ಮೊರಾಗ್‌ಳ ಫೋನು ಬಡಿದುಕೊಂಡಿತು. ಆಸ್ಪತ್ರೆಯದು, ಡಾಡ್‌ನನ್ನು ಶಸ್ತ್ರಚಿಕಿತ್ಸೆಗೆ ಒಯ್ಯುತ್ತಿದ್ದರು. "ಮಿಕ್ಕಿದ್ದು ಆಮೇಲೆ ಹೇಳಿ ಮಿಸ್," ಎಂದು ಆಕೆ ಎದ್ದಳು.

ಬಾಲ್‌ವಾರಿಯ ಲೋರಿಮರ್ ಮನೆತನಕ್ಕೆ ತಲೆತಲಾಂತರದಿಂದ 'ಸರ್' ಬಿರುದಿತ್ತು. ಕೊನೆಯ ಸರ್ ಲೂಡೊವಿಕ್ ಹದಿನಾಲ್ಕು ವರ್ಷದ ಹಿಂದೆ ಮಕ್ಕಳಿಲ್ಲದೆ ಸತ್ತ. ಮನೆ ಹೋಟೆಲಾಯಿತು, ಹೊಲ ಗಾಲ್ಫ್ ಮೈದಾನವಾಯಿತು. ಉಳಿದದ್ದು ಬಿರುದು ಮತ್ತು ಕುಲಲಾಂಛನ. ಎರಡಕ್ಕೂ ಚಿಕ್ಕಾಸಿನ ಬೆಲೆಯಿಲ್ಲ, ಆದರೂ ಇಬ್ಬರು ಅದಕ್ಕಾಗಿ, ಇಂಥ ಹಕ್ಕುಗಳನ್ನು ತೀರ್ಮಾನಿಸುವ ಲಾಂಛನ ಕಚೇರಿಯಲ್ಲಿ, ಐದು ವರ್ಷದಿಂದ ಕಾದಾಡುತ್ತಿದ್ದರು. ಒಬ್ಬ ಕೆನಡಾದ ಹಲ್ಲಿನ ವೈದ್ಯ ವೆಂಡೆಲ್ ಲೋರಿಮರ್; ಪ್ಯಾಟ್ರಿಕ್ ಆಮೇಲೆ ಕೈಹಿಡಿದ ಶ್ರೀಮಂತ ಹೆಂಡತಿಯ ಸಂತಾನದವನು. ಇನ್ನೊಬ್ಬ ಊರಿನವನೇ ಆದ ಐನೀಸ್ ಲೋರಿಮರ್. ಕರ್ಸ್ಟಿಯ ಮಗನ ವಂಶ. ಪ್ಯಾಟ್ರಿಕ್ ಕರ್ಸ್ಟಿಯನ್ನು ಮದುವೆಯಾದ ಮೇಲೆಯೇ ಆ ಮಗು ಹುಟ್ಟಿತೆಂದು ಐನೀಸ್ ಪ್ರಮಾಣಪತ್ರ ಸಲ್ಲಿಸಿದ್ದ.

ಅವನು ಚರ್ಚಿನ ಗೇಟಿನ ಬಳಿ ಉಳಿದ ಹಿರಿಯರ ಜೊತೆ ನಿಂತಿದ್ದ. ಅರವತ್ತೆರಡು ವರ್ಷ, ನಿವೃತ್ತ ಸರ್ವೆಯರು, ವಿಧುರ, ಕಂದು ಕೋಟು. ನಲವತ್ತು ವರ್ಷದಿಂದ ಪ್ರಭುಭೋಜನದ ರೊಟ್ಟಿಯ ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ನಡೆದವನು. ಅವನ ಕಣ್ಣುಗಳು ಕೆಂಪಾಗಿದ್ದವು.

"ಡಾಡ್ ಬದುಕ್ತಾನಾ, ಮೊರಾಗ್?"

"ಗೊತ್ತಿಲ್ಲ. ನಿನ್ನೆ ಸಂಜೆ ಐದರಿಂದ ಆರರ ತನಕ, ಅವನು ಬೀಗ ಹಾಕೋಕೆ ಹೋಗೋ ಹೊತ್ತಲ್ಲಿ, ನೀವು ಎಲ್ಲಿದ್ರಿ?"

"ಮೈದಾನದಲ್ಲಿ. ನಾಳೆ ಹಬ್ಬದ ಬೆಂಕಿಗೆ ಕಟ್ಟಿಗೆ ಒಟ್ತಾ ಇದ್ದೆ. ಪ್ರತಿ ವರ್ಷ ನಂದೇ ಅಲ್ವಾ ಆ ಕೆಲಸ."

"ಯಾರಾದ್ರೂ ನೋಡಿದ್ರಾ?"

"ನೋಡಿರ್ಬೇಕು. ಕೇಳಿ ನೋಡು."

ಮೂವರು ನೋಡಿದ್ದರು. ಆದರೆ ಮೈದಾನಕ್ಕೂ ಚರ್ಚಿಗೂ ನಡುವೆ ಒಂದು ಗೋಡೆ ಅಷ್ಟೆ. ಸ್ಮಶಾನದ ಮೂಲೆಯಲ್ಲಿ ಕರ್ಸ್ಟಿ ಡೋಯ್ಗ್‌ಳ ಕಲ್ಲಿನ ಮುಂದೆ ಹೊಸ ಹೆದರ್ ಹೂವಿನ ಗೊಂಚಲಿತ್ತು. ಅದನ್ನು ಇಡುವವನು ಐನೀಸ್ ಎಂದು ಮೊರಾಗ್‌ಗೆ ಬಾಲ್ಯದಿಂದ ಗೊತ್ತು. ಅವನು ಇರುವೆಯನ್ನೂ ದಾಟಿಕೊಂಡು ಹೋಗುವ ಮನುಷ್ಯ ಎಂದು ಊರು ಹೇಳುತ್ತಿತ್ತು. ಆಕೆಯೂ ಹಾಗೆಯೇ ನಂಬಿದ್ದಳು, ಮತ್ತು ಆ ನಂಬಿಕೆ ತನ್ನ ಕೆಲಸಕ್ಕೆ ಒಳ್ಳೆಯದಲ್ಲ ಎಂದೂ ಅವಳಿಗೆ ತಿಳಿದಿತ್ತು.

ಮಧ್ಯಾಹ್ನ ೧೨.೧೫ಕ್ಕೆ ಮೊರಾಗ್ ಮತ್ತು ಗೆಡಿಸ್ ಹೋಟೆಲಿನಲ್ಲಿ, ವಿಚಾರಣೆಗೆಂದು ಬಂದು ಅಲ್ಲಿ ಇಳಿದಿದ್ದ ವೆಂಡೆಲ್‌ನ ಎದುರು ಕುಳಿತರು. ಮೇಜಿನ ಮೇಲೆ ಅವನ ಹೊಚ್ಚಹೊಸ ಉಣ್ಣೆ ಟೋಪಿ. ಟೋಪಿಯ ಮೇಲೆ ಬೆಳ್ಳಿಯ ಹಂದಿ. ಗೆಡಿಸ್ ಮೊರಾಗ್‌ಳ ಮುಖ ನೋಡಿದ.

"ಭಾನುವಾರ ಆ ಪುಸ್ತಕ ತೋರ್ಸಿ ಅಂತ ಕೇಳಿದ್ರಂತೆ?"

"ಕೇಳ್ದೆ. ಆ ಟೀಚರಮ್ಮ ಪೆಟ್ಟಿಗೆ ತೆಗೆದು ದೂರದಿಂದ ತೋರ್ಸಿ ಮುಚ್ಚಿಬಿಟ್ರು. ಮುಟ್ಟೋಕೂ ಬಿಡ್ಲಿಲ್ಲ."

"ಕೀಲಿ ಎಲ್ಲಿರತ್ತೆ ಅಂತ ಗೊತ್ತಾಯ್ತು."

"ಆಯ್ತು. ಆದ್ರೆ ನಾನ್ಯಾಕೆ ಕದೀಲಿ? ಅದರಲ್ಲಿರೋದು ನಿಜ ಆದ್ರೆ ಐನೀಸ್ ಕೇಸು ಬಿದ್ದುಹೋಯ್ತು, ಗೆದ್ದೋನು ನಾನು. ನನ್ನ ಕೈಲಾಗಿದ್ರೆ ಆ ಪುಸ್ತಕಕ್ಕೆ ಕಾವಲು ಕೂರ್ತಿದ್ದೆ."

"ನಿನ್ನೆ ಸಂಜೆ?"

"ಐದೂವರೆಯಿಂದ ಇಲ್ಲೇ, ಊಟದ ಮನೇಲಿ. ಅದಕ್ಕೆ ಮೊದ್ಲು ರೂಮಲ್ಲಿ ಮಲಗಿದ್ದೆ, ಒಬ್ನೇ."

ಅರ್ಧ ಗಂಟೆಗೆ ಸಾಕ್ಷಿಯಿಲ್ಲ. ಮೊರಾಗ್ ಚೀಲದಲ್ಲಿದ್ದ ಪಿನ್ನನ್ನು ಟೋಪಿಯ ಪಕ್ಕದಲ್ಲಿಟ್ಟಳು. ವೆಂಡೆಲ್ ಬಗ್ಗಿ ನೋಡಿದ, ಆಮೇಲೆ ಅವನ ಹುಬ್ಬು ಮೇಲೇರಿತು.

"ಇದರ ಸುತ್ತ ಬೆಲ್ಟು ಎಲ್ಲಿ?"

"ಏನಂದ್ರಿ?"

"ನನ್ನದು ನೋಡಿ. ಹಂದಿ ಸುತ್ತ ಬಕಲ್ ಹಾಕಿದ ಬೆಲ್ಟು. ಎಡಿನ್‌ಬರೋದಲ್ಲಿ ಆರು ಅಂಗಡಿ ಸುತ್ತಿದೀನಿ, ಬೆಲ್ಟ್ ಇಲ್ದಿರೋದು ಕೊಡಿ ಅಂದ್ರೆ ನನ್ನ ಕಳ್ಳನ ಥರ ನೋಡಿದ್ರು."

ಮೊರಾಗ್ ಕಾರಿನಲ್ಲಿ ಕೂತೇ ಲಾಂಛನ ಕಚೇರಿಗೆ ಫೋನು ಮಾಡಿದಳು. ಫೋಟೋ ಕಳಿಸಿದ ಎರಡು ನಿಮಿಷಕ್ಕೆ ಅಲ್ಲಿಯ ಅಧಿಕಾರಿ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ನೋಡಿ ಇನ್‌ಸ್ಪೆಕ್ಟ್ರೇ, ನಮ್ಮಲ್ಲಿ ಲಾಂಛನ ಮನೆತನದ್ದಲ್ಲ, ಒಬ್ಬ ಮನುಷ್ಯನದ್ದು. ಮಿಕ್ಕ ನೆಂಟ್ರಿಷ್ಟರೆಲ್ಲಾ ಹಂದಿ ಸುತ್ತ ಬೆಲ್ಟ್ ಹಾಕ್ಕೊಂಡು, ನಾವು ಅವನ ಕಡೆಯವರು ಅಂತ ತೋರಿಸ್ಕೋಬಹುದು. ಬೆಲ್ಟ್ ಇಲ್ದೆ, ಗರಿ ಸಿಕ್ಕಿಸ್ಕೊಂಡು ಹಾಕೋ ಹಕ್ಕು ಅದರ ಯಜಮಾನನಿಗೆ ಮಾತ್ರ."

"ಈಗ ಯಾರು ಯಜಮಾನ?"

"ಯಾರೂ ಇಲ್ಲ. ಶುಕ್ರವಾರ ಹನ್ನೊಂದಕ್ಕೆ ಒಬ್ಬ ಆಗಬಹುದು. ಅಲ್ಲಿ ತನಕ ಇದನ್ನ ಹಾಕ್ಕೊಂಡೋನು ಅಪರಾಧಿ."

ಗೆಡಿಸ್ ಕೈಯಲ್ಲಿದ್ದ ಬ್ರೈಡಿಯನ್ನು, ಮಾಂಸ ತುಂಬಿದ ಕಡುಬನ್ನು, ತಿನ್ನುವುದನ್ನು ನಿಲ್ಲಿಸಿದ. "ಅಂದ್ರೆ ಪೇಟೇಲಿ ಸಿಗಲ್ಲ. ಯಾರೋ ಹೇಳಿ ಮಾಡಿಸ್ಕೊಂಡಿದಾರೆ."

"ತೀರ್ಪು ಬರೋಕೆ ಮುಂಚೇನೇ," ಎಂದಳು ಮೊರಾಗ್. ಪೇಟೆಯ ಹತ್ತು ಪೌಂಡಿನ ಪಿನ್ನಾಗಿದ್ದರೆ ಅದು ಭೂಮಿಯ ಮೇಲಿನ ಯಾವ ಲೋರಿಮರನದಾದರೂ ಆಗಬಹುದಿತ್ತು.

ಪಿನ್ನಿನ ಬೆನ್ನಿಗೆ ತಯಾರಕನ ಮುದ್ರೆಯಿತ್ತು. ಮುದ್ರೆಯ ಜಾಡು ಹಿಡಿದು ಪರ್ತ್ ಊರಿನ ಅಕ್ಕಸಾಲಿಗನನ್ನು ಮುಟ್ಟುವಷ್ಟರಲ್ಲಿ ಬುಧವಾರ, ನವೆಂಬರ್ ೫, ಮಧ್ಯಾಹ್ನ ೩.೨೦ ಆಗಿತ್ತು. ಡಾಡ್‌ಗೆ ಇನ್ನೂ ಎಚ್ಚರವಾಗಿರಲಿಲ್ಲ. ಅವನು ಸತ್ತರೆ ಈ ಕಡತದ ಹಣೆಬರಹವೇ ಬದಲಾಗುತ್ತಿತ್ತು. ಜೆಸ್ಸಿ ಮೂರು ಸಲ ಫೋನು ಮಾಡಿ, "ಪುಸ್ತಕ ಒಲೆಗೆ ಹೋಗೋ ಮುಂಚೆ ಹುಡುಕು ಹುಡುಗಿ," ಎಂದಿದ್ದರು.

"ಈ ಪಿನ್ ಮಾಡಿದ್ದು ನೀವಾ?"

"ನಾನೇ. ಜೂನಲ್ಲಿ. ಬೆಲ್ಟ್ ಇಲ್ದೆ ಮಾಡೋಕಾಗಲ್ಲ ಅಂದೆ. ನಾಟಕಕ್ಕೆ ಬೇಕು ಅಂದ್ರು."

"ಹೆಸರು?"

ಅಕ್ಕಸಾಲಿಗ ಪುಸ್ತಕ ತಿರುವಿದ. "ಎ. ಡೋಯ್ಗ್."

ಮೊರಾಗ್ ಹೆಸರನ್ನು ಬರೆದುಕೊಂಡಳು. ಸುಳ್ಳು ಹೆಸರು ಹೇಳಬೇಕಾದಾಗಲೂ ಆ ಮನುಷ್ಯನ ಬಾಯಿಗೆ ಬಂದದ್ದು ಇನ್ನೂರು ವರ್ಷದ ಹಿಂದಿನ ಹಾಲು ಕರೆಯುವ ಹುಡುಗಿಯ ಹೆಸರು.

"ನಾಟಕಕ್ಕಲ್ಲ ಅಂತ ನಂಗೆ ಆಗ್ಲೇ ಅನ್ನಿಸ್ತು," ಎಂದ ಅಕ್ಕಸಾಲಿಗ. "ಇಲ್ಲೇ ಅಂಗಡೀಲಿ ನಿಂತು ಕೋಟಿನ ಕಾಲರಿನ ಒಳಗಡೆ ಚುಚ್ಕೊಂಡ್ರು. ಒಳಗೆ ಹಾಕ್ಕೊಂಡ್ರೆ ಯಾರು ನೋಡ್ತಾರೆ ಸ್ವಾಮಿ ಅಂದೆ. ನಂಗೆ ಗೊತ್ತಿರತ್ತಲ್ಲ, ಸಾಕು ಅಂದ್ರು."

ಶೆರಿಫ್ ನ್ಯಾಯಾಲಯದ ವಾರಂಟು ಹಿಡಿದು ಐನೀಸ್‌ನ ಮನೆಯ ಬಾಗಿಲು ತಟ್ಟಿದಾಗ ಗಂಟೆ ೫.೧೦. ಕತ್ತಲಾಗಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ಬೀಗ ಹಾಕಿರಲಿಲ್ಲ; ಕೀಲಿ, ಚರ್ಚಿನಲ್ಲಿದ್ದಂತೆಯೇ, ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಒಳಗೆ ಎಲ್ಲವೂ ಒಪ್ಪ ಓರಣ. ಗೋಡೆಯ ಮೇಲೆ ವಂಶವೃಕ್ಷ, ಅದರ ತುದಿಯಲ್ಲಿ ಪೆನ್ಸಿಲ್ಲಿನಿಂದ ಹಗುರವಾಗಿ ಬರೆದ 'ಸರ್ ಐನೀಸ್'. ಒಲೆಯನ್ನು ಗುಡಿಸಿ ತೊಳೆದಂತಿತ್ತು. ಗೆಡಿಸ್ ಒಲೆಯ ಜಾಲರಿಯ ಮೂಲೆಯಿಂದ ಒಂದು ಸುರುಳಿಯಾದ ಬೂದಿಯ ಚೂರನ್ನು ಚಿಮಟದಿಂದ ಎತ್ತಿದ. ದಪ್ಪನೆಯ ಹಳೆಯ ಕಾಗದ. ಒಂದೇ ಹಾಳೆಯದು.

"ಇಡೀ ಪುಸ್ತಕ ಸುಟ್ಟಿದ್ರೆ ಬುಟ್ಟಿ ತುಂಬ ಬೂದಿ ಇರ್ಬೇಕಿತ್ತು," ಎಂದ ಗೆಡಿಸ್. "ಒಂದು ಹಾಳೆ ಕಿತ್ತು ಸುಟ್ಟೋನು ಮಿಕ್ಕಿದ್ದು ಯಾಕೆ ಬಿಟ್ಟ?"

"ದೇವರ ಮನೆ ಪುಸ್ತಕ. ಕೈ ಬಂದಿರಲ್ಲ. ಹಾಳೆ ಕಿತ್ಕೊಂಡು ಮತ್ತೆ ಪೆಟ್ಟಿಗೇಲಿ ಇಡೋಣ ಅಂತ್ಲೇ ಹೋಗಿರ್ತಾನೆ. ಡಾಡ್ ಬಂದುಬಿಟ್ಟ. ಈಗ ವಾಪಸ್ ಇಡೋ ಹಾಗೂ ಇಲ್ಲ, ಸುಡೋ ಧೈರ್ಯಾನೂ ಇಲ್ಲ."

ಕಿಟಕಿಯಾಚೆ ಮಕ್ಕಳ ಗುಂಪೊಂದು ಕೇಕೆ ಹಾಕುತ್ತಾ ಮೈದಾನದ ಕಡೆಗೆ ಓಡಿತು. ಮೊರಾಗ್ ಗಡಿಯಾರ ನೋಡಿದಳು. ನವೆಂಬರ್ ಐದರ ಬೆಂಕಿ, ರಾಜನ ವಿರುದ್ಧದ ಹಳೆಯ ಸಂಚೊಂದು ಮುರಿದ ನೆನಪಿನ ಹಬ್ಬ. ಆರು ಗಂಟೆಗೆ ಊರಿಗೆ ಊರೇ ಸೇರಿ ಹಚ್ಚುವ ಬೆಂಕಿ. ಒಟ್ಟಿದವನು ಐನೀಸ್, ಹಚ್ಚುವವನೂ ಐನೀಸ್. ತನ್ನ ಒಲೆಯಲ್ಲಿ ಸುಡಲಾಗದ ಪುಸ್ತಕವನ್ನು ಊರಿನ ಬೆಂಕಿಯಲ್ಲಿ ಮುಗಿಸಿಬಿಡಬಹುದು.

"ಓಡು ವಾಟಿ," ಎಂದಳು.

ಮೈದಾನದಲ್ಲಿ ಮುನ್ನೂರು ಜನ. ಕಟ್ಟಿಗೆಯ ರಾಶಿ ಎರಡಾಳೆತ್ತರ: ಹಳೆಯ ಬಾಗಿಲು, ಮಂಚ, ಚರ್ಚಿನವರು ಕೊಟ್ಟ ಹುಳು ಹಿಡಿದ ಬೆಂಚು. ಬದಿಯಲ್ಲಿ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರು ಕೊಳವೆ ಹಿಡಿದು ಚಹಾ ಕುಡಿಯುತ್ತಿದ್ದರು. ರಾಶಿಯ ಮುಂದೆ ಐನೀಸ್, ಕೈಯಲ್ಲಿ ಉರಿಯುವ ಪಂಜು. ಆರಕ್ಕೆ ಇನ್ನೂ ಹನ್ನೊಂದು ನಿಮಿಷವಿತ್ತು. ಜನರ ನಡುವೆ ನುಗ್ಗಿ ಬರುತ್ತಿದ್ದ ಇಬ್ಬರು ಪೊಲೀಸರನ್ನು ಅವನು ನೋಡಿದ.

"ಐನೀಸ್, ಪಂಜು ಕೆಳಗಿಡಿ."

"ಮಕ್ಕಳು ಕಾಯ್ತಾ ಇದಾರೆ ಮೊರಾಗ್."

"ಕಾಯ್ಲಿ. ಕೆಳಗಿಡಿ. ಕೋಟಿನ ಕಾಲರು ತಿರುಗಿಸಿ ತೋರಿಸಿ."

ಗುಂಪಿನಲ್ಲಿ ಯಾರೋ, "ಹಬ್ಬದ ದಿನಾನೂ ಪೊಲೀಸರ ಕಾಟ ತಪ್ಪಲ್ವಲ್ಲಪ್ಪಾ," ಎಂದು ಗೊಣಗಿದರು. ನಾಲ್ಕು ಜನ ನಕ್ಕರು. ಆ ನಗು ಕಿವಿಗೆ ಬಿದ್ದದ್ದೇ ಐನೀಸ್‌ನ ಮುಖ ಕಪ್ಪಿಟ್ಟಿತು. ಅವನು ಕಣ್ಣು ಮುಚ್ಚಿ ಪಂಜನ್ನು ಚರ್ಚಿನ ಬೆಂಚಿನ ಸಂದಿಗೆ ತುರುಕಿದ.

ಸೀಮೆಎಣ್ಣೆ ಸುರಿದ ಕಟ್ಟಿಗೆ ಭಗ್ಗೆಂದಿತು. ಮೊರಾಗ್ ಅಗ್ನಿಶಾಮಕದವರ ಕಡೆ ಕೂಗಿದಳು. ಚಹಾದ ಲೋಟಗಳು ಬಿದ್ದವು, ನೀರು ಚಿಮ್ಮಿತು, ಮಕ್ಕಳು ಅಳತೊಡಗಿದರು. ಗೆಡಿಸ್ ಹೊಗೆಯೊಳಗೆ ನುಗ್ಗಿ ಬೆಂಚಿನ ಕಾಲು ಹಿಡಿದು ಎಳೆದ. ಅವನ ಹುಬ್ಬು ಸುಟ್ಟಿತು. ಬೆಂಚು ಮಗುಚಿಕೊಂಡಾಗ ಅದರ ಅಡಿಗೆ ಹಗ್ಗದಿಂದ ಬಿಗಿದಿದ್ದ ಗೋಣಿಚೀಲದ ಗಂಟು ಕಾಣಿಸಿತು. ಗಂಟಿನೊಳಗೆ ಶುಭ್ರವಾದ ಬಿಳಿ ಮೇಜುಬಟ್ಟೆ, ಬಟ್ಟೆಯೊಳಗೆ ಪುಸ್ತಕ.

೫.೫೪ಕ್ಕೆ ಐನೀಸ್ ಲೋರಿಮರ್‌ನನ್ನು ಬಂಧಿಸಲಾಯಿತು. ಅವನು ಎರಡೂ ಕೈ ತಾನೇ ಮುಂದೆ ಚಾಚಿದ. ಕೋಟಿನ ಕಾಲರಿನ ಒಳಗೆ, ಎಡಗಡೆ, ಬಟ್ಟೆ ಹರಿದಿತ್ತು.

ಠಾಣೆಯಲ್ಲಿ ವಕೀಲರ ಸಮ್ಮುಖದಲ್ಲಿ ೭.೩೦ಕ್ಕೆ ಹೇಳಿಕೆ ಶುರುವಾಯಿತು.

"ಡಾಡ್‌ನ ಹೊಡೆದ್ರಾ?"

"ಇಲ್ಲ. ಬಾಗಿಲಲ್ಲಿ ಅಡ್ಡ ನಿಂತ. ಪುಸ್ತಕ ಇಟ್ಬಿಡು ಐನೀಸ್, ನಾನು ಯಾರಿಗೂ ಹೇಳಲ್ಲ ಅಂದ. ಕಾಲರು ಹಿಡ್ಕೊಂಡ. ತಳ್ಳಿದೆ. ಮೆಟ್ಟಿಲ ಮೇಲೆ ಬಿದ್ದ."

"ಬಿದ್ದೋನ್ನ ಬಿಟ್ಟು ಹೋದ್ರಿ."

"ಸತ್ತುಹೋದ ಅಂದ್ಕೊಂಡೆ. ಆಮೇಲೆ ಹೋಗಿ ಮತ್ತೆ ಕಟ್ಟಿಗೆ ಒಟ್ಟಿದೆ."

ಮೊರಾಗ್‌ಗೆ ಸಿಟ್ಟು ನೆತ್ತಿಗೇರಿತು. ಮೇಜಿನ ಕೆಳಗೆ ಮುಷ್ಟಿ ಬಿಗಿಹಿಡಿದು ಮುಂದಿನ ಪ್ರಶ್ನೆ ಕೇಳಿದಳು. "ಒಂದು ಹಾಳೆಗೋಸ್ಕರ?"

"ನಮ್ಮಜ್ಜ ದೊಡ್ಮನೆ ತೋಟದ ಮಾಲಿ. ಅತಿಥಿಗಳು ಬಂದಾಗ ಆ ಮನೆಯಮ್ಮ ಅವನನ್ನ ಕರೆದು ನಿಲ್ಲಿಸೋಳು. ಇವನ ಮೂಗು ನೋಡಿ, ಥೇಟ್ ನಮ್ಮದೇ, ಹೆಸರು ಮಾತ್ರ ಕದ್ದಿದ್ದು ಅನ್ನೋಳು. ಅವರೆಲ್ಲಾ ನಗೋರು. ಅಜ್ಜ ಟೋಪಿ ತೆಗೆದು ನಿಂತಿರೋನು. ನಂಗಾಗ ಏಳು ವರ್ಷ. ಅವನ ಕೈ ಹಿಡ್ಕೊಂಡಿದ್ದೆ." ಅವನು ನೀರು ಕುಡಿದ. "ನಂಗೆ ಬಿರುದು ಬೇಕಾಗಿರ್ಲಿಲ್ಲ ಮೊರಾಗ್. ಕರ್ಸ್ಟಿ ಹೆಂಡತಿ ಆಗಿದ್ಲು ಅಂತ ಸರ್ಕಾರದ ಮೊಹರು ಹಾಕಿ ಯಾರಾದ್ರೂ ಬರೆದುಕೊಡ್ಬೇಕಿತ್ತು, ಅಷ್ಟೆ. ಜೆಸ್ಸಿ ಆ ಹಾಳೆ ಓದಿದಾಗ ಅದೇ ನಗು. ನಮ್ಮ ಚರ್ಚಿನೊಳಗೇ."

೮.೫೦ಕ್ಕೆ ಆಸ್ಪತ್ರೆಯಿಂದ ಫೋನು ಬಂತು. ಡಾಡ್ ಕಣ್ಣು ಬಿಟ್ಟಿದ್ದ. ಗೋಪುರದ ಗಡಿಯಾರಕ್ಕೆ ಕೀಲಿ ಕೊಟ್ಟವರಾರು ಎಂದು ಕೇಳಿದನಂತೆ. ಮೊರಾಗ್ ಠಾಣೆಯ ಪಡಸಾಲೆಗೆ ಬಂದು ಗೋಡೆಗೆ ಹಣೆಯೊತ್ತಿ ಸ್ವಲ್ಪ ಹೊತ್ತು ನಿಂತಳು.

ಪಡಸಾಲೆಯ ಬೆಂಚಿನ ಮೇಲೆ ಜೆಸ್ಸಿ ಪುಸ್ತಕವನ್ನು ಗುರುತಿಸಲು ಬಂದು ಕೂತಿದ್ದರು. ಕಿತ್ತ ಹಾಳೆಯ ಬುಡವನ್ನು ಬೆರಳಿನಿಂದ ಸವರುತ್ತಿದ್ದರು.

"ಇದನ್ನ ಅವನೇ ಸುಟ್ನಾ?"

"ಹೌದು ಮಿಸ್."

"ಓದಿ ಸುಟ್ನಾ?"

"ಆ ಹಳೇ ಅಕ್ಷರ ಅವನಿಗೆಲ್ಲಿ ಬರತ್ತೆ? ನೀವು ಓದಿದ್ದನ್ನ ಕೇಳಿದ್ದ, ನೀವಿಟ್ಟ ಗುರುತು ನೋಡಿ ಹಾಳೆ ಕಿತ್ತ."

"ನಾನು ಓದಿ ಮುಗ್ಸಿರ್ಲಿಲ್ಲ," ಎಂದರು ಜೆಸ್ಸಿ. "ಅವರು ನಕ್ಕರು, ಅವನು ಎದ್ದುಹೋದ. ಭಾನುವಾರ ಹೇಳೋಣ ಅಂದ್ರೆ ಚರ್ಚಿಗೇ ಬರ್ಲಿಲ್ಲ. ನೀನೂ ಆಮೇಲೆ ಅಂದೆ." ಕೈಚೀಲದಿಂದ ಶಾಲೆಯ ನೋಟ್‌ಬುಕ್ಕೊಂದನ್ನು ತೆಗೆದರು; ಪೆನ್ಸಿಲ್ಲಿನಲ್ಲಿ ನಕಲು ಮಾಡಿದ ನಾಲ್ಕು ಸಾಲು. "ಪಕ್ಕದ ಅಂಚಿನಲ್ಲಿ ಬೇರೆ ಮಸಿಯಲ್ಲಿ ಬರೆದಿತ್ತು. ಫೆಬ್ರುವರಿ ಮೂರು, ಸಾವಿರದ ಎಂಟ್ನೂರ ಇಪ್ಪತ್ತೆಂಟು. ಇಬ್ಬರೂ ಹಿರಿಯರ ಮುಂದೆ ಬಂದು ನಾವು ಗಂಡ ಹೆಂಡತಿ ಅಂತ ಘೋಷಣೆ ಮಾಡಿದ್ರು, ಮಗು ತನ್ನದು ಅಂತ ಅವನು ಒಪ್ಕೊಂಡ. ನಮ್ಮ ಸ್ಕಾಟ್ ಕಾನೂನಲ್ಲಿ ಅಷ್ಟು ಸಾಕಿತ್ತು ಮೊರಾಗ್. ಮಗು ಹುಟ್ಟಿದ ಮೇಲೆ ಮದ್ವೆಯಾದ್ರೂ ಆ ಮಗು ಹಕ್ಕಿನ ಮಗ. ಆ ಪುಸ್ತಕನ ನಾನು ಎಡಿನ್‌ಬರೋಗೆ ತಗೊಂಡು ಹೋಗ್ತಿದ್ದಿದ್ದೇ ಅವನಿಗೋಸ್ಕರ."

ಮೊರಾಗ್ ನಾಲ್ಕು ಸಾಲನ್ನು ಎರಡು ಸಲ ಓದಿದಳು. ಈ ನಕಲು ನಡೆಯತ್ತಾ ಎಂದು ಕೇಳಬೇಕೆಂದುಕೊಂಡು ಬಿಟ್ಟಳು. ನಡೆಯುವುದಿಲ್ಲ. ಕಚೇರಿಗೆ ಮೂಲ ಬೇಕು, ಮೂಲ ಈಗ ಚಿಟಿಕೆ ಬೂದಿಯಾಗಿ ಸಾಕ್ಷ್ಯದ ಚೀಲದಲ್ಲಿತ್ತು. ಅವನಿಗೆ ಹೇಳದೆ ಇರೋಣವೆಂದು ಒಂದು ಕ್ಷಣ ಅನ್ನಿಸಿತು. ಆದರೆ ನೋಟ್‌ಬುಕ್ಕು ಕಡತಕ್ಕೆ ಸೇರಲೇಬೇಕು, ಕಡತದಲ್ಲಿರುವುದು ಆರೋಪಿಗೆ ತಿಳಿಯಲೇಬೇಕು. ಅವನು ಬೇರೆ ಯಾರ ಬಾಯಿಂದಲೋ ಕೇಳುವುದಕ್ಕಿಂತ ತನ್ನ ಬಾಯಿಂದ ಕೇಳುವುದು ಲೇಸು.

ಅವಳು ಒಳಗೆ ಹೋಗಿ ಡಾಡ್ ಬದುಕಿರುವುದನ್ನು ಮೊದಲು ಹೇಳಿದಳು. ಐನೀಸ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆಮೇಲೆ ನೋಟ್‌ಬುಕ್ಕನ್ನು ಬಿಚ್ಚಿ ನಾಲ್ಕು ಸಾಲನ್ನೂ ಓದಿದಳು. ವಕೀಲ ಬರೆಯುವುದನ್ನು ನಿಲ್ಲಿಸಿದ. ಗೆಡಿಸ್ ಸುಟ್ಟ ಹುಬ್ಬಿನ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

ಐನೀಸ್ ಮುಖದಿಂದ ಕೈ ತೆಗೆದ.

"ಅವಳ ಹೆಸರು ಏನಂತ ಬರೆದಿದಾರೆ?" ಎಂದು ಕೊನೆಗೆ ಕೇಳಿದ. "ಡೋಯ್ಗ್ ಅಂತಾನಾ?"

ಮೊರಾಗ್ ನೋಡಿದಳು. "ಅಲ್ಲ. ಕರ್ಸ್ಟಿ ಲೋರಿಮರ್, ಅವನ ಧರ್ಮಪತ್ನಿ ಅಂತ."

"ಇನ್ನೊಂದ್ಸಲ ಓದು."

ಅವಳು ಓದಿದಳು. ಹೇಳಿಕೆ ಮುಗಿದ ಸಮಯ ೯.೨೫ ಎಂದು ಗೆಡಿಸ್ ದಾಖಲಿಸಿದ. ಶುಕ್ರವಾರ ಹನ್ನೊಂದು ಗಂಟೆಗೆ ಎಡಿನ್‌ಬರೋದಲ್ಲಿ ಐನೀಸ್ ಲೋರಿಮರ್ ಎಂದು ಮೂರು ಸಲ ಕೂಗಿದರು. ಯಾರೂ ಓಗೊಡಲಿಲ್ಲ.